ಚೆಂಡು ಇಸಿದುಕೊಳ್ಳುವ ಹೊತ್ತು

ನಮ್ಮ ಅಪ್ಪನ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಅಡುಗೆಮನೆಯ ಮೇಲಿನ ಶೆಲ್ಫಿನ ಡಬ್ಬ ಬೇಕಾದರೆ ಎಡಗೈ ಚಾಚುತ್ತಾರೆ, ಅಂಗಿ ತೊಡುವಾಗ ಮೊದಲು ಬಲತೋಳನ್ನು ತೂರಿಸಿಕೊಂಡು ಆಮೇಲೆ ಉಳಿದದ್ದು. ಚಿಕ್ಕಂದಿನಲ್ಲಿ ಎಲ್ಲರ ಅಪ್ಪಂದಿರೂ ಹೀಗೇ ಅಂಗಿ ತೊಡುತ್ತಾರೆ ಅಂದುಕೊಂಡಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಮೈಸೂರಿನ ಒಂದು ಕ್ಲಬ್ಬಿಗೆ ಮ್ಯಾಟಿನ ಮೇಲೆ ಫಾಸ್ಟ್ ಬೌಲಿಂಗ್ ಮಾಡುತ್ತಿದ್ದರು. ಒಂದು ಭಾನುವಾರ ಒಂದೇ ತುದಿಯಿಂದ 22 ಓವರ್ ಹಾಕಿದರಂತೆ. ಹದಿನೈದನೆಯ ಓವರಿನಲ್ಲೇ ಭುಜದೊಳಗೆ ಏನೋ ಬಟ್ಟೆ ಹರಿದ ಹಾಗಾಯಿತಂತೆ. ಪಂದ್ಯ ಗೆದ್ದರು. ಆಮೇಲೆ ಬೌಲಿಂಗ್ ಇಲ್ಲ. ಈ ಕಥೆ ಹೇಳುವಾಗಲೆಲ್ಲ ಅಪ್ಪನ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಜಾಸ್ತಿ ಇರುತ್ತಿತ್ತು.

2024ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಇಬ್ಬರೂ ನಮ್ಮಲ್ಲಿಗೆ, ಅಮೆರಿಕದ ಪಿಟ್ಸ್‌ಬರ್ಗಿಗೆ ಬಂದಿದ್ದರು. ಅಮ್ಮನಿಗೆ ಪೆನ್ ಹಿಲ್ಸ್‌ನ ವೆಂಕಟೇಶ್ವರನ ಗುಡಿ ಇತ್ತು. ಗುಡಿಯ ಪುಳಿಯೋಗರೆ ಇತ್ತು. ಅಪ್ಪನಿಗೆ ಏನೂ ಇರಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗಿ ಬಂದರೆ ಮುಗಿಯಿತು, ಸಂಜೆಯವರೆಗೆ ಕಿಟಕಿ. ಹಾಗಾಗಿ ಮೇ 11ರ ಶನಿವಾರ ಅವರನ್ನು ಎಬ್ಬಿಸಿಕೊಂಡು ಪಿಎನ್‌ಸಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನಕ್ಕೆ ಹೋದೆ. ಪಾಲ್ ಸ್ಕೀನ್ಸ್ ಎಂಬ ಹುಡುಗ ಅವತ್ತು ಮೊದಲ ಸಲ ದೊಡ್ಡ ಲೀಗಿನಲ್ಲಿ, ಅಂದರೆ ಮೇಜರ್ ಲೀಗಿನಲ್ಲಿ, ಚೆಂಡೆಸೆಯುವವನಿದ್ದ. ಇಪ್ಪತ್ತೆರಡು ತುಂಬಲು ಇನ್ನೂ ಹದಿನೆಂಟು ದಿನ ಬಾಕಿ. ಊರಿಗೆ ಊರೇ ಹಳದಿ ಕಪ್ಪು ಅಂಗಿ ತೊಟ್ಟು ಕ್ಲೆಮೆಂಟೆ ಸೇತುವೆ ದಾಟುತ್ತಿತ್ತು. ಈ ಊರಿನ ಪೈರೇಟ್ಸ್ ತಂಡ ಕೊನೆಯ ಸಲ ಲೀಗಿನ ಅಂತಿಮ ಸರಣಿ ವರ್ಲ್ಡ್ ಸೀರೀಸ್ ಗೆದ್ದದ್ದು 1979ರಲ್ಲಿ. 1993ರಿಂದ 2012ರವರೆಗೆ ಇಪ್ಪತ್ತು ವರ್ಷ ಸತತವಾಗಿ ಗೆಲುವಿಗಿಂತ ಸೋಲೇ ಹೆಚ್ಚು. ಇಂಥ ತಂಡದ ಅಭಿಮಾನಿಗಳ ಮುಖದಲ್ಲಿ ಮದುವೆ ಮನೆಯ ಕಳೆ ಕಂಡದ್ದು ನಾನು ಈ ಊರಿಗೆ ಬಂದ ಮೇಲೆ ಅದೇ ಮೊದಲು.

ಅಪ್ಪನಿಗೆ ಆಟ ಅರ್ಥವಾಗಲು ಹತ್ತು ನಿಮಿಷ ಸಾಕಾಯಿತು. ಎಸೆಯುವವನು ಪಿಚರ್. ಅವನ ಕಾಲ ಕೆಳಗೆ ಮಣ್ಣಿನ ದಿಬ್ಬ, ಅಲ್ಲಿಂದ ಬ್ಯಾಟರಿಗೆ 60 ಅಡಿ 6 ಇಂಚು. ನಮ್ಮ 22 ಗಜಕ್ಕಿಂತ ಐದೂವರೆ ಅಡಿ ಕಡಿಮೆ. ಓಡಿ ಬರುವುದಿಲ್ಲ, ಚೆಂಡು ನೆಲಕ್ಕೆ ಬೀಳುವುದಿಲ್ಲ, ಮೊಣಕೈ ಬಾಗಿಸಿಯೇ ಎಸೆಯುವುದು. “ಅಂದ್ರೆ ಎಲ್ಲಾ ಚಕ್ಕಿಂಗ್ ಅನ್ನು” ಅಂದರು ಅಪ್ಪ. ಮೊದಲ ಬ್ಯಾಟರನ್ನೇ ಸ್ಕೀನ್ಸ್ ಸ್ಟ್ರೈಕ್‌ಔಟ್ ಮಾಡಿದಾಗ, ಅಂದರೆ ಚೆಂಡು ಬ್ಯಾಟಿಗೆ ಸಿಗದಂತೆ ಎಸೆದೇ ಔಟ್ ಮಾಡಿದಾಗ, ಬೋರ್ಡಿನಲ್ಲಿ ಮೂರಂಕಿಯ ವೇಗ ಮಿಂಚಿತು. ಗಂಟೆಗೆ ನೂರು ಮೈಲಿ ಅಂದರೆ 161 ಕಿಲೋಮೀಟರ್. ಆ ದಿನ ಅವನ 84 ಎಸೆತಗಳಲ್ಲಿ 17 ಎಸೆತ ಆ ಗೆರೆ ದಾಟಿದವು. ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಐದನೆಯದು ಶುರುವಾಯಿತು. ಇಬ್ಬರು ಹಿಟ್ ಹೊಡೆದರು, ಅಂದರೆ ಚೆಂಡು ಬಾರಿಸಿ, ಓಟದ ದಾರಿಯಲ್ಲಿ ಬೇಸ್ ಎಂಬ ನಿಲ್ದಾಣ ಸೇರಿದರು, ಅಷ್ಟೆ. ಮ್ಯಾನೇಜರ್ ಮೈದಾನಕ್ಕೆ ನಡೆದು ಬಂದ, ಕೈ ಚಾಚಿದ. ಸ್ಕೀನ್ಸ್ ಚೆಂಡು ಕೊಟ್ಟು ಹೊರನಡೆದ. ಪೈರೇಟ್ಸ್ 6-1ರಲ್ಲಿ ಮುಂದಿತ್ತು.

“ಏನಮ್ಮ ಇದು! ಅಷ್ಟು ಚೆನ್ನಾಗಿ ಹಾಕ್ತಿದ್ದವನ ಕೈಯಿಂದ ಬಾಲ್ ಇಸ್ಕೊಂಡ್ಬಿಟ್ರಲ್ಲ!”

ಅಪ್ಪನಿಗೆ ಅದು ಅಪಮಾನದ ಹಾಗೆ ಕಂಡಿತು. ಮುಂದೆ ಆದದ್ದು ಅವರ ವಾದಕ್ಕೇ ಸಾಕ್ಷಿ ಹೇಳಿತು ಅನ್ನಿ. ಬದಲಿಗೆ ಬಂದ ಪಿಚರ್‌ಗಳು ಬೇಸುಗಳು ತುಂಬಿರುವಾಗಲೇ ಒಂದರ ಮೇಲೊಂದು ವಾಕ್ ಕೊಟ್ಟರು. ಗುರಿ ನಾಲ್ಕು ಸಲ ತಪ್ಪಿದರೆ ಬ್ಯಾಟರ್ ನಡೆದುಕೊಂಡೇ ಬೇಸ್ ಸೇರುತ್ತಾನೆ. ಬೇಸ್ ತುಂಬಿದ್ದರೆ ಮೂರನೆಯ ಬೇಸಿನವನು ನಡೆದುಕೊಂಡೇ ರನ್ ಗಳಿಸುತ್ತಾನೆ. ಮುನ್ನಡೆಯೆಲ್ಲ ಹಾಗೆ ನಡೆದುಕೊಂಡೇ ಹೋಯಿತು. ಜೊತೆಗೆ ಮಳೆ, ಎರಡು ಗಂಟೆಗೂ ಹೆಚ್ಚು. ಕೊನೆಗೆ ಪೈರೇಟ್ಸ್ ಕಬ್ಸ್ ತಂಡವನ್ನು 10-9ರಲ್ಲಿ ಗೆದ್ದಿತು, ಆದರೆ ಅಷ್ಟು ಹೊತ್ತಿಗೆ ನಾವು ಮನೆ ಸೇರಿ ಸಾರನ್ನ ಉಣ್ಣುತ್ತಿದ್ದೆವು. ಅಪ್ಪ ಇನ್ನೂ ಅದೇ ಮಾತು ಹಿಡಿದಿದ್ದರು. ಅವರ ಮಟ್ಟಿಗೆ ಬೌಲರ್ ಅಂದರೆ 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ಲಾರಾನನ್ನು ಔಟ್ ಮಾಡಿದ ಅನಿಲ್ ಕುಂಬ್ಳೆ. ನನ್ನ ಮಟ್ಟಿಗೂ ಅದೇ. ಆ ದೃಶ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಚೆಂಡು ಬಿಟ್ಟುಕೊಡದವನೇ ವೀರ ಎಂದು ಕಲಿತು ಬೆಳೆದವರು ನಾವು.

ಆದರೆ ಈ ಹುಡುಗ ಮೇಲೆ ಬಂದ ದಾರಿಯನ್ನು ನೋಡಿದರೆ, ಪ್ರತಿ ತಿರುವಿನಲ್ಲೂ ಯಾರೋ ಒಬ್ಬರು ಅವನ ಕೈಯಿಂದ ಏನನ್ನೋ ಇಸಿದುಕೊಂಡದ್ದು ಕಾಣುತ್ತದೆ. ಕೆಲವು ಸಲ ಅವನೇ ಬಿಟ್ಟುಕೊಟ್ಟ.

ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ, 2002ರ ಮೇ 29ಕ್ಕೆ. ಲೇಕ್ ಫಾರೆಸ್ಟ್‌ನ ಎಲ್ ಟೋರೊ ಹೈಸ್ಕೂಲಿನಲ್ಲಿ ಅವನು ಹೆಚ್ಚಾಗಿ ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರಿನ ಹಾಗೆ ಬ್ಯಾಟರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂರುವವನು. ಇದು ಅದೃಷ್ಟವೂ ಆಗಿರಬಹುದು ಎಂದು ನನಗನ್ನಿಸುತ್ತದೆ. ಹದಿನೈದು ಹದಿನಾರರ ವಯಸ್ಸಿನಲ್ಲೇ ವರ್ಷವಿಡೀ ಎಸೆದು ಮೊಣಕೈ ಕೆಡಿಸಿಕೊಳ್ಳುವ ಹುಡುಗರು ಅಮೆರಿಕದಲ್ಲಿ ಎಷ್ಟೋ. ಇವನ ಕೈ ಅಷ್ಟು ಸವೆಯಲಿಲ್ಲ. ಹೈಸ್ಕೂಲು ಮುಗಿದಾಗ ವೃತ್ತಿಪರ ತಂಡಗಳು ಅವನನ್ನು ಆರಿಸಲಿಲ್ಲ. ಅವನು ಸೇರಿದ್ದು ಕೊಲೊರಾಡೊದ ಏರ್ ಫೋರ್ಸ್ ಅಕಾಡೆಮಿಗೆ. ಯುದ್ಧವಿಮಾನ ಹಾರಿಸಬೇಕೆಂಬ ಆಸೆ.

ಅಲ್ಲಿನ ಎರಡು ವರ್ಷ ಓದಿದರೆ ತಮಾಷೆ ಅನ್ನಿಸುತ್ತದೆ. 2021ರಲ್ಲಿ, ಮೊದಲ ವರ್ಷವೇ, 0.410 ಸರಾಸರಿಯಲ್ಲಿ, ಅಂದರೆ ಹತ್ತಕ್ಕೆ ನಾಲ್ಕು ಸಲ ಹಿಟ್ ಸಿಗುವಂತೆ, ಬ್ಯಾಟ್ ಬೀಸಿ ನಮ್ಮ ಸಿಕ್ಸರಿನಂಥ ಹೋಮ್ ರನ್ 11 ಹೊಡೆದ; ಕೊನೆಯ ಇನ್ನಿಂಗ್ಸಿಗೆ ಬಂದು 11 ಪಂದ್ಯಗಳನ್ನು ಉಳಿಸಿಯೂ ಕೊಟ್ಟ. ಮರುವರ್ಷ ಮುಖ್ಯ ಪಿಚರ್, 10 ಗೆಲುವು. ಎಸೆಯದ ದಿನ ಕ್ಯಾಚರ್. ಬ್ಯಾಟಿಂಗ್ ಪಿಚಿಂಗ್ ಎರಡೂ ಮಾಡುವ ಕಾಲೇಜು ಆಟಗಾರರಿಗಿರುವ ಜಾನ್ ಓಲ್‌ರಡ್ ಪ್ರಶಸ್ತಿ ಬಂತು. ಎಲ್ಲ ಸರಿ, ಆದರೆ ಅಕಾಡೆಮಿಯ ಒಂದು ನಿಯಮವಿತ್ತು: ಮೂರನೆಯ ವರ್ಷದ ತರಗತಿಗೆ ಕಾಲಿಟ್ಟರೆ ಮುಗಿಯಿತು, ಓದಿನ ನಂತರ ಐದು ವರ್ಷ ಸೇನೆಯಲ್ಲಿ ದುಡಿಯುವ ಋಣ ಹೆಗಲಿಗೆ ಬರುತ್ತದೆ. ಅದಕ್ಕೆ ಮುಂಚೆ ಹೊರಟರೆ ಯಾವ ಬಾಕಿಯೂ ಇಲ್ಲ. 2022ರ ಬೇಸಿಗೆಯಲ್ಲಿ ಅವನು ಸಮವಸ್ತ್ರ ಬಿಚ್ಚಿಟ್ಟು ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಗೆ (ಎಲ್‌ಎಸ್‌ಯು) ಹೋದ. ಹೊರಬಂದವನ ಮನಸ್ಸು ಪೂರ್ತಿ ಹೊರಬರಲಿಲ್ಲವೇನೋ. ದೊಡ್ಡ ಲೀಗಿಗೆ ಬಂದ ಮೇಲೆ ಒಂದೊಂದು ಸ್ಟ್ರೈಕ್‌ಔಟಿಗೂ 100 ಡಾಲರಿನಂತೆ ಸೈನಿಕರಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಗೆ ಕೊಡುತ್ತ ಬಂದ.

ಬ್ಯಾಟನ್ ರೂಜ್‌ನ ಎಲ್‌ಎಸ್‌ಯುನಲ್ಲಿ ಬ್ಯಾಟೂ ಹೋಯಿತು, ಕ್ಯಾಚರಿನ ಗ್ಲೌಸೂ ಹೋಯಿತು. ಬರೀ ಎಸೆತ ಉಳಿಯಿತು. ಮೇಜರ್ ಲೀಗಿನ ಮಿನೆಸೋಟ ತಂಡದ ಕೆಲಸವನ್ನು ಋತುವಿನ ನಡುವೆಯೇ ಬಿಟ್ಟು ಬಂದಿದ್ದ ವೆಸ್ ಜಾನ್ಸನ್ ಅಲ್ಲಿ ಪಿಚಿಂಗ್ ಕೋಚ್. ಅವನ ಕೈಯಲ್ಲಿ ಸ್ಕೀನ್ಸ್‌ನ ವೇಗ ಏರಿತು, ಅಡ್ಡಕ್ಕೆ ಜಾರುವ ಸ್ಲೈಡರ್ ಹರಿತವಾಯಿತು. ನನಗೆ ಇನ್ನೂ ಒಂದು ಸಣ್ಣ ಕಾರಣ ಕಾಣುತ್ತದೆ. ಏರ್ ಫೋರ್ಸ್ ಅಕಾಡೆಮಿ ಇರುವುದು ಏಳು ಸಾವಿರ ಅಡಿ ಎತ್ತರದಲ್ಲಿ. ತೆಳ್ಳನೆ ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಆದರೆ ತಿರುಗುವುದು ಕಡಿಮೆ. ಬ್ಯಾಟನ್ ರೂಜ್ ಮಿಸಿಸಿಪ್ಪಿ ದಂಡೆಯ, ಸಮುದ್ರಮಟ್ಟಕ್ಕೆ ಹತ್ತಿರದ, ಬೆವರು ಆರದ ಊರು. ಅಲ್ಲಿನ ದಪ್ಪ ಗಾಳಿ ಚೆಂಡಿನ ಹೊಲಿಗೆಯನ್ನು ಹಿಡಿದು ಬಾಗಿಸುತ್ತದೆ. ಮಂಗಳೂರಿನ ಸೆಖೆಯಲ್ಲಿ ಸ್ವಿಂಗ್ ಮಾಡಿ ಬಂದವರನ್ನು ಕೇಳಿ, ಗಾಳಿ ಅಂದರೆ ಏನೆಂದು ಹೇಳುತ್ತಾರೆ.

2023ರ ಆ ಒಂದೇ ವರ್ಷದಲ್ಲಿ 122 ಇನ್ನಿಂಗ್ಸಿಗೆ 209 ಸ್ಟ್ರೈಕ್‌ಔಟ್. ಬೆನ್ ಮೆಕ್‌ಡೊನಾಲ್ಡ್ 1989ರಲ್ಲಿ ಮಾಡಿದ್ದ 202ರ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಕಾಲೇಜು ಲೀಗಿನ ದಾಖಲೆ ಮೂವತ್ತನಾಲ್ಕು ವರ್ಷಗಳ ಮೇಲೆ ಮುರಿಯಿತು. ಕೊಟ್ಟ ವಾಕ್ ಬರೀ 20. ಈ ಕೊನೆಯ ಅಂಕಿಯೇ ನನಗೆ ಎಲ್ಲಕ್ಕಿಂತ ಇಷ್ಟ. ವೇಗ ಇರುವ ಹುಡುಗರು ಬೇಕಾದಷ್ಟು ಸಿಗುತ್ತಾರೆ. ಆ ವೇಗವನ್ನು ಬೇಕಾದ ಕಿಟಕಿಗೇ ತೂರಿಸಬಲ್ಲವರು ಅಪರೂಪ.

ಆ ವರ್ಷದ ಜೂನ್ ತಿಂಗಳ ಓಮಹಾವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನೆಬ್ರಾಸ್ಕದ ಓಮಹಾದಲ್ಲಿ ಪ್ರತಿವರ್ಷ ಕಾಲೇಜು ತಂಡಗಳ ಅಂತಿಮ ಸೆಣಸು ನಡೆಯುತ್ತದೆ. ಜೂನ್ 17ರಂದು ಟೆನೆಸಿ ವಿರುದ್ಧ ಸ್ಕೀನ್ಸ್ 123 ಎಸೆತ ಎಸೆದ. ಐದೇ ದಿನ ಬಿಟ್ಟು 22ಕ್ಕೆ ವೇಕ್ ಫಾರೆಸ್ಟ್ ವಿರುದ್ಧ ಸೆಮಿಫೈನಲ್. ಎದುರು ಪಿಚರ್ ರೆಟ್ ಲೌಡರ್, ಅವನೂ ಮುಂದೆ ಮೊದಲ ಸುತ್ತಿನಲ್ಲೇ ಆಯ್ಕೆಯಾದವನು. ಸೋತವರು ಮನೆಗೆ. ನಾನು ಆ ಪಂದ್ಯವನ್ನು ಆಫೀಸಿನ ಕೆಲಸ ಬದಿಗಿಟ್ಟು ಪೂರ್ತಿ ನೋಡಿದೆ, ಆಮೇಲೆ ಎರಡು ಸಲ ನೋಡಿದೆ. ರನ್ನೇ ಇಲ್ಲ. ಇವನು ಎಸೆಯುತ್ತಾನೆ, ಅವನು ಎಸೆಯುತ್ತಾನೆ, ಬೋರ್ಡಿನಲ್ಲಿ ಸೊನ್ನೆಗಳ ಸಾಲು ಬೆಳೆಯುತ್ತದೆ, ರಂಗೋಲಿ ಚುಕ್ಕಿ ಇಟ್ಟ ಹಾಗೆ. ಎಂಟನೆಯ ಇನ್ನಿಂಗ್ಸಿನಲ್ಲಿ ವೇಕ್ ಫಾರೆಸ್ಟಿನ ಓಟಗಾರ ಮೂರನೆಯ ಬೇಸಿನಲ್ಲಿದ್ದಾಗ ಬ್ಯಾಟರ್ ಚೆಂಡನ್ನು ಮೆಲ್ಲನೆ ತಟ್ಟಿದ. ಮೊದಲ ಬೇಸಿನ ಟ್ರೆ ಮಾರ್ಗನ್ ಮುಂದೆ ನುಗ್ಗಿ ಚೆಂಡು ಹಿಡಿದು, ಮೈ ನೆಲಕ್ಕೆ ಬೀಳುತ್ತಿದ್ದ ಹಾಗೇ ಕ್ಯಾಚರಿನ ಕಡೆ ತಳ್ಳಿದ. ಓಟಗಾರ ಔಟ್. ಆ ಒಂದು ಎಸೆತ ಸ್ಕೀನ್ಸ್ ಎಸೆದ 120 ಎಸೆತಗಳಿಗಿಂತ ಒಂದು ಗುಂಜಿಯೂ ಕಡಿಮೆಯದಲ್ಲ.

ಎಂಟು ಇನ್ನಿಂಗ್ಸ್, ಎರಡೇ ಹಿಟ್, 9 ಸ್ಟ್ರೈಕ್‌ಔಟ್. ಅಲ್ಲಿಗೆ ಅವನ ಕೈಯಿಂದ ಚೆಂಡು ಇಸಿದುಕೊಂಡರು. ಮುಂದಿನ ಮೂರು ಇನ್ನಿಂಗ್ಸನ್ನು ಥ್ಯಾಚರ್ ಹರ್ಡ್ ಕಾಯ್ದ. ಹನ್ನೊಂದನೆಯ ಇನ್ನಿಂಗ್ಸಿನಲ್ಲಿ ಟಾಮಿ ವೈಟ್ ಹೋಮ್ ರನ್ ಬಾರಿಸಿ 2-0 ಮಾಡಿದ. ಫೈನಲಿನಲ್ಲಿ ಫ್ಲಾರಿಡಾದ ಎದುರು ಮೂರು ಪಂದ್ಯ. ಒಂದು ಗೆದ್ದರು, ಎರಡನೆಯದನ್ನು 24-4ರಲ್ಲಿ ಹೀನಾಯವಾಗಿ ಸೋತರು, ಮೂರನೆಯದನ್ನು 18-4ರಲ್ಲಿ ಗೆದ್ದರು. ಈ ಮೂರರಲ್ಲೂ ಸ್ಕೀನ್ಸ್ ಒಂದೇ ಒಂದು ಚೆಂಡು ಎಸೆಯಲಿಲ್ಲ. ಆದರೂ ಟೂರ್ನಿಯ ಅತ್ಯುತ್ತಮ ಆಟಗಾರ ಅವನೇ.

ಆರು ದಿನದಲ್ಲಿ 243 ಎಸೆತ. ಇದನ್ನು ಅಪ್ಪನಿಗೆ ಹೇಳಿದಾಗ ಅವರ ಮುಖ ಅರಳಿತು. “ನೋಡು, ಹಾಗೆ ಹಾಕ್ಬೇಕು.” ನಾನು ಲೆಕ್ಕ ಹಾಕಿ ಹೇಳಿದೆ, ನಲವತ್ತು ಓವರ್ ಆಯ್ತಪ್ಪ ಅಂತ. “ಅಷ್ಟೇನಾ?” ಅಂದರು.

ಜುಲೈ 9ರಂದು ಸಿಯಾಟಲ್‌ನಲ್ಲಿ ಡ್ರಾಫ್ಟ್. ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲಿ ಯಾರೂ ಕೂಗುವುದಿಲ್ಲ, ಬೆಲೆ ಏರುವುದಿಲ್ಲ. ತಂಡಗಳು ಸರದಿಯಂತೆ ಹೆಸರು ಆರಿಸುತ್ತವೆ. ಆರಿಸಿದ ತಂಡದ ಜೊತೆ ಮಾತ್ರ ಆಟಗಾರ ಹಣದ ಮಾತಾಡಬೇಕು. ಆ ವರ್ಷದಿಂದ ಮೊದಲ ಸರದಿ ಯಾರಿಗೆಂದು ಲಾಟರಿ ಎತ್ತುವ ಪದ್ಧತಿ ಬಂತು, ಮೊದಲ ಲಾಟರಿಯೇ ಪೈರೇಟ್ಸಿಗೆ ಒಲಿಯಿತು. ಸೋಲುವುದರಲ್ಲೂ ಒಂದು ಪುಣ್ಯ. ಸ್ಕೀನ್ಸ್ ಒಂದನೆಯವನು, ಅವನ ಕಾಲೇಜು ಗೆಳೆಯ ಡಿಲನ್ ಕ್ರೂಸ್ ಎರಡನೆಯವನು. ಒಂದೇ ಕಾಲೇಜಿನ ಇಬ್ಬರು ಒಂದು ಎರಡಾಗಿ ಹೋದದ್ದು ಅದೇ ಮೊದಲು. ಸಹಿ ಹಾಕಿದ್ದಕ್ಕೆ ಸಿಕ್ಕ ಹಣ 92 ಲಕ್ಷ ಡಾಲರ್, ಅಲ್ಲಿಯವರೆಗೆ ಡ್ರಾಫ್ಟಿನಲ್ಲಿ ಯಾರಿಗೂ ಸಿಕ್ಕಿರದಷ್ಟು.

ಹಣ ಕೊಟ್ಟವರು ಚೆಂಡು ಕೊಡಲಿಲ್ಲ! ಆ ವರ್ಷ ಉಳಿದ ಎರಡು ತಿಂಗಳಲ್ಲಿ ಅವನಿಂದ ಎಸೆಸಿದ್ದು ಐದು ಪಂದ್ಯಗಳಲ್ಲಿ ಏಳು ಇನ್ನಿಂಗ್ಸಿಗೂ ಕಡಿಮೆ. ಬಾಣಂತಿಗೆ ಪಥ್ಯ ಕೊಟ್ಟ ಹಾಗೆ. ಫ್ಲಾರಿಡಾದ ಕಿರಿಯರ ಲೀಗು, ಆಮೇಲೆ ಬ್ರೇಡನ್‌ಟನ್, ಆಮೇಲೆ ಅಲ್ಟೂನಾ. ಮೇಜರ್ ಲೀಗಿನ ಕೆಳಗೆ ಇಂಥ ಮೆಟ್ಟಿಲುಗಳು ಹಲವು, ಒಟ್ಟಿಗೆ ಸೇರಿಸಿ ಮೈನರ್ ಲೀಗ್ ಅನ್ನುತ್ತಾರೆ. ಎಷ್ಟೋ ಹುಡುಗರ ಇಪ್ಪತ್ತರ ಹರೆಯ ಈ ಮೆಟ್ಟಿಲುಗಳ ಮೇಲೆ, ರಾತ್ರಿ ಬಸ್ಸುಗಳಲ್ಲಿ ಕಳೆದುಹೋಗುತ್ತದೆ.

ಬ್ರೇಡನ್‌ಟನ್ ಅಂದಾಗ ನೆನಪಾಯಿತು. “ನಮ್ಮವರು ಯಾರೂ ಇದನ್ನ ಆಡಲ್ವಾ?” ಎಂದು ಅಪ್ಪ ಕೇಳಿದ್ದರು. ಆಡಿದ್ದಾರೆ, ಅದೂ ಇದೇ ಪೈರೇಟ್ಸಿಗೆ. 2008ರಲ್ಲಿ ವೇಗವಾಗಿ ಚೆಂಡೆಸೆಯುವವರನ್ನು ಹುಡುಕಲು ಭಾರತದಲ್ಲಿ ಒಂದು ಟಿವಿ ಸ್ಪರ್ಧೆ ನಡೆಯಿತು. ಅದರಿಂದ ಆರಿಸಿ ಬಂದವರು ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಬೇಸ್‌ಬಾಲ್ ಎಂದರೇನೆಂದೇ ಗೊತ್ತಿಲ್ಲದ, ಭರ್ಜಿ ಎಸೆಯುತ್ತಿದ್ದ ಹುಡುಗರು. ಪೈರೇಟ್ಸ್ ಇಬ್ಬರಿಗೂ ಸಹಿ ಹಾಕಿಸಿ ಬ್ರೇಡನ್‌ಟನ್‌ಗೆ ಕಳಿಸಿತು, 2009ರಲ್ಲಿ ಇಬ್ಬರೂ ಅಲ್ಲಿ ಎಸೆದರು. ದಿನೇಶ್ 2010ರ ಕೊನೆಗೆ ಹೊರಬಿದ್ದ. ರಿಂಕು ಇನ್ನೂ ಕೆಲವು ವರ್ಷ ಮೆಟ್ಟಿಲು ಹತ್ತಲು ನೋಡಿದ, ಗಾಯಗಳು ಬಿಡಲಿಲ್ಲ, ಕೊನೆಗೆ ಕುಸ್ತಿಯ ಶೋಗಳಿಗೆ ಹೋದ. ಹದಿನಾಲ್ಕು ವರ್ಷದ ಮೇಲೆ ಅದೇ ಊರಿಗೆ ಬಂದು ಎರಡು ಪಂದ್ಯ ಆಡಿ ಮುಂದಿನ ಮೆಟ್ಟಿಲಿಗೆ ಹೋದವನು ಸ್ಕೀನ್ಸ್. ಬಲ ಇವನಿಗೂ ಇತ್ತು, ಅವರಿಗೂ ಇತ್ತು. ಚಿಕ್ಕಂದಿನಿಂದ ಆ ಚೆಂಡನ್ನೇ ಹಿಡಿದು ಮಲಗಿದವನಿಗೂ ಇಪ್ಪತ್ತಕ್ಕೆ ಮೊದಲ ಸಲ ಮುಟ್ಟಿದವನಿಗೂ ಇರುವ ದೂರವನ್ನು ಬಲವೊಂದೇ ದಾಟಿಸಲಾರದು.

ಅಲ್ಟೂನಾಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ, ಬೇಸ್‌ಬಾಲಿಗಲ್ಲ, ರೈಲಿಗೆ. ಅಪ್ಪ ರೈಲ್ವೆಯಲ್ಲಿ ಫಿಟ್ಟರ್ ಆಗಿ ಕೆಲಸ ಮಾಡಿದವರು. ಪೆನ್ಸಿಲ್ವೇನಿಯಾ ರೈಲ್‌ರೋಡಿನ ವರ್ಕ್‌ಶಾಪುಗಳಿಂದಲೇ ಬೆಳೆದ ಊರು ಅಲ್ಟೂನಾ. ಬೆಟ್ಟದ ಮೈಗೆ ಲಾಳದಂತೆ ಬಾಗಿ ಹತ್ತುವ ಹಳಿ ಅಲ್ಲಿದೆ, ಹಾರ್ಸ್‌ಶೂ ಕರ್ವ್ ಅನ್ನುತ್ತಾರೆ. ಊರಿನ ಬೇಸ್‌ಬಾಲ್ ತಂಡಕ್ಕೂ ಕರ್ವ್ ಎಂದೇ ಹೆಸರು. ಗೂಡ್ಸ್ ಗಾಡಿ ಬಾಗಿನಲ್ಲಿ ಹತ್ತುವುದನ್ನು ಅಪ್ಪ ಒಂದು ಗಂಟೆ ನಿಂತು ನೋಡಿದರು. ನೇರ ಹತ್ತಿಸಿದ್ದರೆ ಏರು ಹೆಚ್ಚಾಗಿ ಎಂಜಿನ್ ತಡೆಯುತ್ತಿರಲಿಲ್ಲ, ಅದಕ್ಕೇ ಸುತ್ತಿಸಿದ್ದಾರೆ ಎಂದು ನನಗೆ ವಿವರಿಸಿದರು. ನಾನು ತುಟಿಪಿಟಕ್ಕೆನ್ನಲಿಲ್ಲ. ಕಾರಿನಲ್ಲಿ ವಾಪಸ್ ಬರುವಾಗ ಮಾತ್ರ ಕೇಳಿದೆ: ಹಾಗಾದ್ರೆ ಆ ಹುಡುಗನ್ನ ಸುತ್ತಿಸಿ ಹತ್ತಿಸಿದ್ದು ತಪ್ಪಾ? ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು.

2024ರ ವಸಂತದಲ್ಲಿ ಅವನನ್ನು ಇಂಡಿಯಾನಾಪೊಲಿಸ್‌ಗೆ, ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ ಇಟ್ಟಿದ್ದರು. ಏಳು ಪಂದ್ಯ, 27 ಇನ್ನಿಂಗ್ಸ್, 45 ಸ್ಟ್ರೈಕ್‌ಔಟ್. ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ರನ್ನಿನ ಸರಾಸರಿ 0.99, ಒಂದಕ್ಕೂ ಕಡಿಮೆ. ಮೊದಮೊದಲು ಮೂರೇ ಇನ್ನಿಂಗ್ಸ್ ಎಸೆಸಿ ಕೂರಿಸುತ್ತಿದ್ದರು. ಪಿಟ್ಸ್‌ಬರ್ಗಿನ ಕಾಫಿ ಅಂಗಡಿಗಳಲ್ಲೆಲ್ಲ ಗೊಣಗಾಟ. ಗೊಣಗಲು ಕಾರಣವೂ ಇತ್ತು. ಆಟಗಾರ ಮೇಜರ್ ಲೀಗಿನಲ್ಲಿ ಕಳೆದ ದಿನಗಳನ್ನು ಲೆಕ್ಕ ಇಡುತ್ತಾರೆ. 172 ದಿನಕ್ಕೆ ಒಂದು ವರ್ಷ. ಆರು ವರ್ಷ ತುಂಬಿದರೆ ಅವನು ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಕೆಲವು ವಾರ ತಡವಾಗಿ ಕರೆದರೆ ತಂಡಕ್ಕೆ ಒಂದು ವರ್ಷ ಹೆಚ್ಚು ಸಿಗುತ್ತದೆ, ಅದೂ ಕಡಿಮೆ ಸಂಬಳಕ್ಕೆ. ಆ ವರ್ಷದ ಕನಿಷ್ಠ ಸಂಬಳ 7,40,000 ಡಾಲರ್. ನಮಗೆ ನಿಮಗೆ ಅದು ಕನಸಿನ ಮೊತ್ತ, ಆ ಪೇಟೆಯಲ್ಲಿ ಚಿಲ್ಲರೆ. ಹುಡುಗನ ಕೈ ಉಳಿಸುತ್ತಿದ್ದಾರೋ ತಮ್ಮ ದುಡ್ಡು ಉಳಿಸುತ್ತಿದ್ದಾರೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆ ಅನುಮಾನ ನನಗೆ ಈಗಲೂ ಪೂರ್ತಿ ಹೋಗಿಲ್ಲ. ಕೊನೆಗೆ ಆ ವರ್ಷದ ಅತ್ಯುತ್ತಮ ಹೊಸಬ ಎಂಬ ಪ್ರಶಸ್ತಿ ಗೆದ್ದದ್ದರಿಂದ ನಿಯಮದಂತೆ ಪೂರ್ತಿ ಒಂದು ವರ್ಷದ ಲೆಕ್ಕವೇ ಅವನಿಗೆ ಸಿಕ್ಕಿತು. ಉಳಿಸಲು ನೋಡಿದ್ದರೆ, ಆ ಉಳಿತಾಯ ದಕ್ಕಲಿಲ್ಲ.

ಕೈಯ ವಿಚಾರ ಸುಳ್ಳಲ್ಲ. ಮೊಣಕೈಯ ಒಳಮಗ್ಗುಲಲ್ಲಿ, ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಕಟ್ಟಿಹಾಕಿರುವ ಒಂದು ಸಣ್ಣ ಕಟ್ಟುನಾರು ಇದೆ. ಬಾಗಿದ ಕೈಯನ್ನು ನೂರು ಮೈಲಿ ವೇಗಕ್ಕೆ ಬೀಸಿದಾಗಲೆಲ್ಲ ಅದು ಹರಿಯುವ ಅಂಚಿಗೆ ಹೋಗಿ ಬರುತ್ತದೆ. ಕ್ರಿಕೆಟ್ಟಿನಲ್ಲಿ ಕೈ ನೆಟ್ಟಗಿರುವುದರಿಂದ ಪೆಟ್ಟು ಭುಜಕ್ಕೆ, ಬೆನ್ನಿಗೆ. ನಮ್ಮ ಮೈಸೂರಿನ ಶ್ರೀನಾಥ್ 1997ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡದ್ದು ಭುಜದಿಂದಲೇ. ಅಪ್ಪ ಆ ಸುದ್ದಿ ಓದಿ ತಮ್ಮ ಭುಜ ನೀವಿಕೊಂಡದ್ದು ನನಗೆ ಜ್ಞಾಪಕವಿದೆ. 1974ರವರೆಗೆ ಆ ನಾರು ಹರಿದ ಪಿಚರಿನ ಕಥೆ ಮುಗಿಯುತ್ತಿತ್ತು. ಆ ವರ್ಷ ಡಾಕ್ಟರ್ ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಪಿಚರಿನ ಮೈಯಿಂದಲೇ ಬೇರೊಂದು ನಾರು ತೆಗೆದು ಮೊಣಕೈಗೆ ಹೊಲಿದರು. 1976ರಲ್ಲಿ ಮರಳಿ ಬಂದವನು ಇನ್ನೂ 164 ಪಂದ್ಯ ಗೆದ್ದ. ಈಗ ಆ ಆಪರೇಷನ್ನಿಗೇ ಅವನ ಹೆಸರು. ಪಿಚರ್‌ಗಳು ಅದರ ಮಾತಾಡುವುದು ಹಲ್ಲು ಕೀಳಿಸಿಕೊಳ್ಳುವ ಮಾತಾಡಿದ ಹಾಗೆ.

ಎಸೆತ ಎಣಿಸಿದರೆ ಕೈ ಉಳಿಯುತ್ತದೆಯೇ? ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು ನೋಡಿ. 2009ರ ಡ್ರಾಫ್ಟಿನ ಮೊದಲಿಗ, ಅವನೂ ಕಾಲೇಜಿನಿಂದ ಬಂದವನು, ಅವನ ಬಗ್ಗೆಯೂ ಇದೇ ಗದ್ದಲ. 2010ರ ಜೂನಿನಲ್ಲಿ ಮೊದಲ ಪಂದ್ಯ, ಎದುರಾಳಿ ಇದೇ ಪೈರೇಟ್ಸ್, 14 ಸ್ಟ್ರೈಕ್‌ಔಟ್. ಮೂರೇ ತಿಂಗಳಲ್ಲಿ ಮೊಣಕೈ ಆಪರೇಷನ್. 2012ರಲ್ಲಿ ತಂಡ ಪ್ಲೇಆಫ್ ಕಡೆ ಹೋಗುತ್ತಿದ್ದರೂ 159 ಇನ್ನಿಂಗ್ಸಿಗೆ ಅವನನ್ನು ನಿಲ್ಲಿಸಿ ಕೂರಿಸಿದರು. ತಂಡ ಅವನಿಲ್ಲದೆ ಸೋತಿತು. 2019ರಲ್ಲಿ ವರ್ಲ್ಡ್ ಸೀರೀಸಿನ ಅತ್ಯುತ್ತಮ ಆಟಗಾರನಾದ. ಅದಾದ ಮೇಲೆ ಬರೀ ಎಂಟು ಪಂದ್ಯ, ನಂತರ ನಿವೃತ್ತಿ. ಇದನ್ನು ಎಣಿಸಿದವರ ಗೆಲುವು ಅನ್ನಬೇಕೋ ಸೋಲು ಅನ್ನಬೇಕೋ? 2024ರ ಡಿಸೆಂಬರಿನಲ್ಲಿ ಮೇಜರ್ ಲೀಗೇ ಹೊರತಂದ ವರದಿ ಬೊಟ್ಟು ಮಾಡಿದ್ದು ವೇಗದ ಹುಚ್ಚಿನ ಕಡೆಗೆ, ಪ್ರತಿ ಎಸೆತವನ್ನೂ ಮೈಯೆಲ್ಲ ಹಿಂಡಿ ಎಸೆಯುವ ರೂಢಿಯ ಕಡೆಗೆ. ಅಂದರೆ ಎಷ್ಟು ಎಸೆದೆ ಎನ್ನುವುದರ ಜೊತೆಗೆ ಹೇಗೆ ಎಸೆದೆ ಎನ್ನುವುದನ್ನೂ ಕೇಳಬೇಕು. ಹಾಗೆ ಕೇಳಿದರೆ ಸ್ಕೀನ್ಸ್‌ನ ಬಗ್ಗೆ ನನಗೆ ಭಯವೇ ಆಗುತ್ತದೆ. ವೃತ್ತಿಗೆ ಬಂದ ಮೇಲೆ ಅವನು ಕಂಡುಕೊಂಡ ‘ಸ್ಪ್ಲಿಂಕರ್’ ಎಂಬ ಎಸೆತ, ಸ್ಪ್ಲಿಟರ್ ಮತ್ತು ಸಿಂಕರ್ ಎರಡರ ಮಿಶ್ರತಳಿ, ಗಂಟೆಗೆ 94 ಮೈಲಿಯಲ್ಲಿ ಬಂದು ಬ್ಯಾಟಿನ ಬಳಿ ತಟ್ಟನೆ ಕುಸಿಯುತ್ತದೆ. ಬೇರೆಯವರ ಅತಿವೇಗದ ಚೆಂಡು ಇವನ ಮೋಸದ ಚೆಂಡು.

ಎರಡನೆಯ ಪಂದ್ಯ, ಮೇ 17, ಶಿಕಾಗೊದ ರಿಗ್ಲಿ ಫೀಲ್ಡ್. ಮೊದಲ ಏಳು ಬ್ಯಾಟರುಗಳೂ ಸ್ಟ್ರೈಕ್‌ಔಟ್. ಆರು ಇನ್ನಿಂಗ್ಸಿನಲ್ಲಿ ಒಂದೂ ಹಿಟ್ ಇಲ್ಲ. ನೂರು ಎಸೆತ ಆಗಿತ್ತು, ಚೆಂಡು ಇಸಿದುಕೊಂಡರು. ಜುಲೈ 11, ಮಿಲ್ವಾಕಿ. ಏಳು ಇನ್ನಿಂಗ್ಸ್, 11 ಸ್ಟ್ರೈಕ್‌ಔಟ್, ಮತ್ತೆ ಒಂದೂ ಹಿಟ್ ಇಲ್ಲ. ಒಂದೂ ಹಿಟ್ ಕೊಡದೆ ಒಂಬತ್ತು ಇನ್ನಿಂಗ್ಸ್ ಮುಗಿಸುವುದು ಪಿಚರಿನ ಬಾಳಿನ ದೊಡ್ಡ ಕನಸು, ಕುಂಬ್ಳೆಯ ಹತ್ತು ವಿಕೆಟ್ ಇದ್ದ ಹಾಗೆ. ಇನ್ನು ಆರೇ ಔಟ್ ಬಾಕಿ. 99 ಎಸೆತ ಆಗಿತ್ತು. ಇಸಿದುಕೊಂಡರು. ಎಂಟನೆಯ ಇನ್ನಿಂಗ್ಸಿನಲ್ಲಿ ಬೇರೆಯವನ ಕೈಯಿಂದ ಹಿಟ್ ಹೋಯಿತು. ಪಂದ್ಯವೇನೋ 1-0ಗೆ ಉಳಿಯಿತು.

ಅವತ್ತು ಮನೆಯಲ್ಲಿ ಟಿವಿ ಮುಂದೆ ಅಪ್ಪ ಕಿರುಚುತ್ತಾರೆ ಅಂದುಕೊಂಡೆ. ಕಿರುಚಲಿಲ್ಲ. ಅದಕ್ಕೆ ಕಾರಣ ನನ್ನ ಮಗ. ಅವನಿಗೆ ಹತ್ತು ವರ್ಷ, ಬಡಾವಣೆಯ ಮಕ್ಕಳ ತಂಡದಲ್ಲಿ ಎಸೆಯುತ್ತಾನೆ. ಅಪ್ಪ ಅವನ ಪಂದ್ಯಗಳಿಗೆ ಹೋಗಲು ಶುರು ಮಾಡಿದ್ದರು. ಬೇಲಿಯ ಪಕ್ಕ ಕೂತ ಒಬ್ಬ ತಾಯಿ ಕೈಯಲ್ಲಿ ಸಣ್ಣದೊಂದು ಯಂತ್ರ ಹಿಡಿದು ಹೆಬ್ಬೆರಳಿನಿಂದ ಟಿಕ್ ಟಿಕ್ ಒತ್ತುತ್ತಿದ್ದಳು. “ಅದೇನು ಪುಟ್ಟಿ, ಆಯಮ್ಮ ರಾಮನಾಮ ಜಪ ಮಾಡ್ತಿದಾಳಾ?” ಎಸೆತ ಎಣಿಸುತ್ತಿದ್ದಾಳಪ್ಪ ಎಂದೆ. ಲಿಟಲ್ ಲೀಗಿನ ನಿಯಮ: ಒಂಬತ್ತು ಹತ್ತು ವರ್ಷದವರಿಗೆ ದಿನಕ್ಕೆ 75 ಎಸೆತ, ಅದಕ್ಕಿಂತ ಹೆಚ್ಚು ಕೂಡದು. 66 ಮುಟ್ಟಿದರೆ ನಾಲ್ಕು ದಿನ ದಿಬ್ಬ ಹತ್ತುವ ಹಾಗಿಲ್ಲ. ಒಂದು ಪಂದ್ಯದಲ್ಲಿ ಮಗನಿಗೆ 75 ತುಂಬಿತು, ಗೆಲ್ಲಲು ಎರಡು ಔಟ್ ಬಾಕಿ ಇತ್ತು, ಕೋಚ್ ಹೋಗಿ ಚೆಂಡು ತೆಗೆದುಕೊಂಡ. ಮಗ ಅಳುತ್ತ ಬಂದು ಬೆಂಚಿನಲ್ಲಿ ಕೂತ. ಅಪ್ಪ ಅವನ ಬಲಭುಜ ಹಿಡಿದು, ಮೇಲಕ್ಕೆತ್ತು ನೋಡೋಣ, ತಿರುಗಿಸು ನೋಡೋಣ ಅಂದರು. ಕೈ ಸಲೀಸಾಗಿ ಎದ್ದಿತು, ಸುತ್ತಿತು.

ಆ ರಾತ್ರಿ ಊಟವಾದ ಮೇಲೆ ಹೇಳಿದರು. “ಅವತ್ತು ಹದಿನೈದನೇ ಓವರಲ್ಲೇ ಗೊತ್ತಾಗಿತ್ತು ನಂಗೆ. ಕ್ಯಾಪ್ಟನ್ನು ಬಾಲ್ ಕೊಡು ಅನ್ನಲಿಲ್ಲ. ನಾನೂ ತಗೋ ಅನ್ನಲಿಲ್ಲ.” ಅಷ್ಟೆ. ನಲವತ್ತೈದು ವರ್ಷದಲ್ಲಿ ಆ ಕಥೆಯನ್ನು ಅವರು ಹಾಗೆ ಹೇಳಿದ್ದು ನಾನು ಕೇಳಿರಲಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬರೀ 11 ಪಂದ್ಯ ಆಡಿದ ಹುಡುಗ ಲೀಗಿನ ಆಯ್ದ ಆಟಗಾರರ ಆಲ್-ಸ್ಟಾರ್ ಪಂದ್ಯದ ಮೊದಲ ಪಿಚರ್ ಆದ. ಮೊದಲ ವರ್ಷ ಸರಾಸರಿ 1.96, ಎರಡನೆಯ ವರ್ಷ 1.97. ಅವನ ಚೊಚ್ಚಲ ಪಂದ್ಯದ ಅಂಗಿಯ ತುಂಡು ಅಂಟಿಸಿದ ಒಂದು ಕಾರ್ಡು 11 ಲಕ್ಷ ಡಾಲರಿಗೆ ಹರಾಜಾಯಿತು, ಅದು ನನಗೆ ಅರ್ಥವಾಗದ ಲೋಕ. 2025ರ ನವೆಂಬರಿನಲ್ಲಿ ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಮೂವತ್ತಕ್ಕೆ ಮೂವತ್ತೂ ಮೊದಲ ಸ್ಥಾನದ ಮತ. ಮತ್ತು ಅದೇ ವರ್ಷದ ಅವನ ಗೆಲುವು ಸೋಲಿನ ಲೆಕ್ಕ: 10 ಗೆಲುವು, 10 ಸೋಲು. ಲೀಗಿನಲ್ಲೇ ಶ್ರೇಷ್ಠ ಪಿಚರ್ ಗೆದ್ದಷ್ಟೇ ಸೋತ, ಯಾಕೆಂದರೆ ಅವನ ತಂಡ ರನ್ ಹೊಡೆಯಲಿಲ್ಲ.

ಅಪ್ಪ ಅಮ್ಮ ಅಷ್ಟು ಹೊತ್ತಿಗೆ ಮೈಸೂರಿಗೆ ಮರಳಿದ್ದರು. 2025ರ ಮೇ 18, ಭಾನುವಾರ, ಫಿಲಡೆಲ್ಫಿಯಾದಲ್ಲಿ ಮಧ್ಯಾಹ್ನದ ಪಂದ್ಯ. ಮೈಸೂರಿನಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಅಪ್ಪ ನನ್ನ ಅಕೌಂಟಿನಿಂದ ಫೋನಿನಲ್ಲಿ ನೋಡುತ್ತಿದ್ದರು, ನಾನು ಇಲ್ಲಿ. ಐದು, ಆರು, ಏಳು ಇನ್ನಿಂಗ್ಸ್ ಆಯಿತು, ಯಾರೂ ಕೈ ಚಾಚಲಿಲ್ಲ. ಎಂಟಾಯಿತು. ಮೂರೇ ಹಿಟ್, 9 ಸ್ಟ್ರೈಕ್‌ಔಟ್. ದೊಡ್ಡ ಲೀಗಿನಲ್ಲಿ ಪಂದ್ಯವನ್ನು ಪೂರ್ತಿ ತಾನೇ ಎಸೆದು ಮುಗಿಸಿದ್ದು ಅದೇ ಮೊದಲು. ಎಂಟೇ ಇನ್ನಿಂಗ್ಸ್ ಯಾಕೆಂದರೆ ಒಂಬತ್ತನೆಯದರಲ್ಲಿ ಎದುರಾಳಿ ಬ್ಯಾಟ್ ಹಿಡಿಯಬೇಕಾಗಲಿಲ್ಲ, 1-0ರಲ್ಲಿ ಗೆದ್ದಾಗಿತ್ತು.

ಪಂದ್ಯ ಮುಗಿದ ಕೂಡಲೇ ಫೋನ್ ಮಾಡಿದೆ. ಎತ್ತಿದ್ದು ಅಮ್ಮ.

“ನಿಮ್ಮಪ್ಪಂಗೆ ಸ್ವಲ್ಪ ಬುದ್ಧಿ ಹೇಳು. ನನ್ನ ಜಪದ ಮಿಷಿನ್ ತಗೊಂಡು ಸೊನ್ನೆ ಮಾಡ್ಬಿಟ್ಟಿದಾರೆ. ಬೆಳಿಗ್ಗೆಯಿಂದ ಮಾಡಿದ್ದೆಲ್ಲ ಹೋಯ್ತು.”

ಹಿಂದಿನಿಂದ ಅಪ್ಪನ ದನಿ. “ತೊಂಬತ್ತೇಳು ಪುಟ್ಟಿ. ನಿಮ್ಮ ಟಿವೀಲೂ ಅಷ್ಟೇ ಇದೆ ತಾನೆ?”

ಅಷ್ಟೇ ಇತ್ತು.